ಅರ್ಕಾವತ್ತು

ಮಂಜವ್ವನ ಅರ್ಜಿ ಆ ಸೋಮವಾರ ಮೂರನೆಯ ಸಲ ಪರದೆಯ ಮೇಲೆ ಕಲ್ಲಾಗಿ ನಿಂತಿತು. ಬೆಳಿಗ್ಗೆ ಎರಡು ಸಲ ನಾನು ಟೈಪ್ ಮಾಡುವಾಗ ನಿಂತಿತ್ತು. ಈಗ ಜಹಾಂಗೀರ ಕಾಕಾ ಕುಳಿತಾಗಲೂ ನಿಂತಿತು. ಮೌಸ್ ಅಲ್ಲಾಡಿಸಿದರೆ ಬಾಣ ಅಲ್ಲಾಡಲಿಲ್ಲ. ಕೀಲಿ ಒತ್ತಿದರೆ ಡಬ್ಬಿಯೊಳಗಿಂದ ಕುಂಯ್ ಎಂಬ ಸದ್ದು ಮಾತ್ರ ಬಂತು. ಕಾಕಾ ಕೈ ಹಿಂದಕ್ಕೆ ಎಳೆದುಕೊಂಡು ಬೆರಳುಗಳನ್ನು ತೊಡೆಯ ಮೇಲೆ ಇಟ್ಟುಕೊಂಡರು.

ಬೆಂಚಿನ ಮೇಲೆ ಕುಳಿತಿದ್ದ ಮಂಜವ್ವ ಸೆರಗಿನಿಂದ ಮುಖ ಒರೆಸಿಕೊಂಡಳು. "ನನ್ನ ಗಂಡ ಒಂದ ಸಲಾ ಸತ್ತ. ನಿಮ್ಮ ಈ ಡಬ್ಬಿ ಮುಂಜಾನಿಂದ ಮೂರ ಸಲಾ ಸತ್ತೈತಿ. ಇದರ ಸಲುವಾಗೂ ಒಂದ ಅರ್ಜಿ ಬರೀರಿ."

ಬೆಂಚು ನಕ್ಕಿತು. ಅಂಗಡಿಯ ಮಾಲೀಕ ದೇವೇಂದ್ರಪ್ಪ ನಗಲಿಲ್ಲ.

ಗದಗ ಜಿಲ್ಲೆಯಾಗಿ ಒಂಬತ್ತು ವರ್ಷವಾಗಿತ್ತು. ಮುಂಡರಗಿ ತಹಶೀಲ್ದಾರ ಕಚೇರಿಯ ಎದುರಿನ ಸಾಲಿನಲ್ಲಿ ಕಂಪ್ಯೂಟರಿದ್ದ ಅಂಗಡಿಗಳು ಮೂರು. ನಮ್ಮದು ಅವುಗಳಲ್ಲಿ ನಡುವಿನದು. ನಾನು ಗದಗಿನಲ್ಲಿ ಭೌತಶಾಸ್ತ್ರ ಓದಿ, ಬಿ.ಎಸ್ಸಿ. ಮುಗಿಸಿ, ಈ ಅಂಗಡಿಯಲ್ಲಿ ಮೂರು ವರ್ಷದಿಂದ ಟೈಪ್ ಮಾಡುತ್ತಿದ್ದೆ. ಜಹಾಂಗೀರ ಕಾಕಾ ಇಪ್ಪತ್ತೆಂಟು ವರ್ಷದಿಂದ ಅದೇ ರಸ್ತೆಯಲ್ಲಿ ಅರ್ಜಿ ಬರೆಯುತ್ತಿದ್ದರು. ಮೊದಲು ಕಚೇರಿಯ ಬೇವಿನ ಮರದ ಕೆಳಗೆ, ಆಮೇಲೆ ಈ ಅಂಗಡಿಯಲ್ಲಿ, ಕನ್ನಡ ಟೈಪ್‌ರೈಟರ್ ಮುಂದೆ. ಎರಡು ತಿಂಗಳ ಹಿಂದೆ ಆ ಟೈಪ್‌ರೈಟರಿನ ಅಕ್ಷರದ ಕಡ್ಡಿಗಳು ಮುರಿದವು. ಅದನ್ನು ರಿಪೇರಿ ಮಾಡುವವರು ಗದಗಿನಲ್ಲೂ ಸಿಗಲಿಲ್ಲ. ಆಗ ಕಾಕಾ ಅರವತ್ತರ ವಯಸ್ಸಿನಲ್ಲಿ ಕಂಪ್ಯೂಟರಿನ ಮುಂದೆ ಬಂದು ಕುಳಿತರು.

ಇದ್ದದ್ದು ಒಂದೇ ಕಂಪ್ಯೂಟರು, ಒಂದೇ ಖುರ್ಚಿ. ನಾನು ಝೆರಾಕ್ಸ್ ಮಾಡುವಾಗ ಅವರು ಟೈಪ್ ಮಾಡುತ್ತಿದ್ದರು, ಅವರು ಜನರ ಕಾಗದ ಓದುವಾಗ ನಾನು. ನಾನು ಬಳಸುತ್ತಿದ್ದ ಕನ್ನಡ ತಂತ್ರಾಂಶದಲ್ಲಿ ಉಚ್ಚಾರಣೆಯಂತೆ ಕೀಲಿ ಒತ್ತಬೇಕು. ಕಾಕಾನ ಬೆರಳಿಗೆ ಅದು ಹತ್ತಲೇ ಇಲ್ಲ. ಅದಕ್ಕೆ ಹಳೆಯ ಟೈಪ್‌ರೈಟರಿನ ಜೋಡಣೆಯೇ ಇರುವ ಇನ್ನೊಂದು ತಂತ್ರಾಂಶವನ್ನು ಅವರಿಗಾಗಿ ನಾನೇ ಹಾಕಿಕೊಟ್ಟಿದ್ದೆ. ಅವರು ಕಣ್ಣುಮುಚ್ಚಿ ಟೈಪ್ ಮಾಡುತ್ತಿದ್ದರು. ಆದರೆ ಟೈಪ್‌ರೈಟರಿಗೆ ಬೇಕಾದ ಒತ್ತು ಬೆರಳಿನಿಂದ ಹೋಗಿರಲಿಲ್ಲ. ಅವರು ಕುಳಿತರೆ ಮೇಜಿನ ಮೇಲಿನ ಗುಂಡುಸೂಜಿಯ ಡಬ್ಬಿ ನಡುಗುತ್ತಿತ್ತು.

"ಜಹಾಂಗೀರಸಾಬ್ರ, ನೀವ್ ಅದನ್ನ ಬಡೀತೀರಿ," ಎಂದರು ದೇವೇಂದ್ರಪ್ಪ. "ಬಡದ ಬಡದ ಕೆಡಿಸೀರಿ. ನೀವ್ ಕುಂತ ಎರಡ ತಿಂಗಳಾತು, ಅದು ನಿಲ್ಲಾಕತ್ತೂ ಎರಡ ತಿಂಗಳಾತು. ಹೌದಲ್ರಿ?"

"ಹುಡುಗಿ ಕುಂತಾಗೂ ನಿಲ್ಲತೈತಲ್ರಿ," ಎಂದರು ಕಾಕಾ.

"ನೀವ್ ಕೆಡಿಸಿದ್ದಕ್ಕ ಆಕಿಗೂ ನಿಲ್ಲತೈತಿ. ಶನಿವಾರದೊಳಗ ಇದು ನೆಟ್ಟಗ ಆಗಬೇಕು. ಇಲ್ಲಂದ್ರ ಸಿಟ್ಟಾಗಬ್ಯಾಡ್ರಿ, ನೀವ್ ಈ ಖುರ್ಚಿ ಬಿಡಬೇಕಾಗತೈತಿ."

ಕಾಕಾ ಜೇಬಿನಿಂದ ಪೆನ್ನು ತೆಗೆದು, ಮಂಜವ್ವನ ಅರ್ಜಿಯನ್ನು ಕೈಯಿಂದಲೇ ಬರೆಯತೊಡಗಿದರು. ಅವರ ಅಕ್ಷರ ದುಂಡಗಿತ್ತು.

ಯಂತ್ರ ನಿಂತದ್ದನ್ನೆಲ್ಲ ನಾನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದೆ. ಸಮಯ, ಕರೆಂಟಿನ ಏರಿಳಿತ, ಫ್ಯಾನ್ ಹಾಕಿತ್ತೋ ಇಲ್ಲವೋ, ಕುಳಿತಿದ್ದವರು ಯಾರು. ಐವತ್ತಮೂರು ದಾಖಲೆಗಳಿದ್ದವು. ಅವುಗಳಲ್ಲಿ ಯಾವ ಕ್ರಮವೂ ಕಾಣುತ್ತಿರಲಿಲ್ಲ. ಒಮ್ಮೊಮ್ಮೆ ಇಡೀ ಮುಂಜಾನೆ ಸುಮ್ಮನೆ ನಡೆಯುತ್ತಿತ್ತು, ಮಧ್ಯಾಹ್ನ ಗಂಟೆಗೆ ನಾಲ್ಕು ಸಲ ನಿಲ್ಲುತ್ತಿತ್ತು. ಕಾರಣ ಗೊತ್ತಿಲ್ಲದ ದೋಷ ಮೈಗೆ ಅಂಟಿದ ಹತ್ತಿಯ ಎಳೆಯಂತೆ, ಎಲ್ಲಿದೆ ಎಂದು ಕಾಣುವುದಿಲ್ಲ, ಆದರೆ ಕೂರಲು ಬಿಡುವುದಿಲ್ಲ. ಮಂಗಳವಾರ ಅಂಗಡಿ ತೆರೆದ ಕೂಡಲೇ ಬೆಟಗೇರಿಯಲ್ಲಿದ್ದ ನಿಶಾತಳಿಗೆ ಫೋನ್ ಮಾಡಿದೆ. ನಾವಿಬ್ಬರೂ ಕೂಡಿ ಓದಿದವರು. ಅವಳು ಅಲ್ಲಿ ಕಂಪ್ಯೂಟರ್ ಕಲಿಸುತ್ತಿದ್ದಳು.

"ಹೊಟ್ಟಿ ಕೆಟ್ಟ ಮನಷಾಗ ಏನ್ ಕೊಡ್ತೀಯ?" ಎಂದು ಕೇಳಿದಳು.

"ಗಂಜಿ."

"ನಿನ್ನ ಮಷೀನನ್ನೂ ಗಂಜಿ ಮ್ಯಾಲ ಇಡು. ಅದು ಚಾಲೂ ಆಗೋವಾಗ ಯಾವ್ಯಾವೋ ಪ್ರೋಗ್ರಾಮ್ ತಾವ ಚಾಲೂ ಆಗಿ ಕುಂತಿರತಾವು. ಅವುನ್ನೆಲ್ಲಾ ಬಂದ್ ಮಾಡು. ಬರೇ ಉಸರಾಡಾಕ ಎಷ್ಟ ಬೇಕೋ ಅಷ್ಟರ ಮ್ಯಾಲ ಚಾಲೂ ಮಾಡು. ಆಗ ನೆಟ್ಟಗಿತ್ತಂದ್ರ ಮಷೀನಿನ ತಪ್ಪಲ್ಲ. ಆಮ್ಯಾಲ ಅರ್ಧರ್ಧ ಉಣಿಸಿ ನೋಡು, ಯಾವ ಪಲ್ಯಾ ಹೊಟ್ಟಿ ಕೆಡಿಸ್ತು ಅಂತ ಗೊತ್ತಾಗತೈತಿ."

ಎಲ್ಲಿ ಹೋಗಿ ಏನು ಒತ್ತಬೇಕೆಂದು ಹೇಳಿದಳು. ಬರೆದುಕೊಂಡೆ. ಅವಳು ಹೇಳಿದ ಕಿಟಕಿ ತೆರೆದಾಗ ಒಂದು ಪಟ್ಟಿ ಬಂತು. ಹನ್ನೊಂದು ಹೆಸರು, ಪ್ರತಿಯೊಂದರ ಮುಂದೆಯೂ ಒಂದು ಟಿಕ್ ಗುರುತು. ವೈರಸ್ ಕಾಯುವವನು, ಪ್ರಿಂಟರಿನವನು, ಸ್ಕ್ಯಾನರಿನವನು, ಹಾಡಿನ ಪೆಟ್ಟಿಗೆ, ಮಾಲೀಕರ ಪಂಚಾಂಗ, ನಮ್ಮ ಎರಡು ಕನ್ನಡ ತಂತ್ರಾಂಶಗಳು, ಹೀಗೆ. ನಾವು ಬೆಳಿಗ್ಗೆ ಒಂದು ಗುಂಡಿ ಒತ್ತುತ್ತಿದ್ದೆವು. ನಮ್ಮ ಬೆನ್ನ ಹಿಂದೆ ಹನ್ನೊಂದು ಜನ ಒಳಗೆ ಬಂದು ಕೂರುತ್ತಿದ್ದರು.

ಟಿಕ್‌ಗಳನ್ನು ತೆಗೆಯುತ್ತ ಹೋದೆ. ಪಂಚಾಂಗದ ಹತ್ತಿರ ಬಂದಾಗ ದೇವೇಂದ್ರಪ್ಪ ಕೈ ಅಡ್ಡ ತಂದರು. "ಏ ಏ, ಅದನ್ನ ತಗೀಬ್ಯಾಡ. ಮುಂಜಾನಿ ರಾಹುಕಾಲ ನೋಡಲಾರದ ನಾ ಹ್ಯಾಂಗ ಕುಂಡ್ರಲಿ?"

"ಒಂದ ದಿನಾ ಗ್ವಾಡಿ ಮ್ಯಾಲಿನ ಕ್ಯಾಲೆಂಡರ್ ನೋಡ್ರಿ ಮಾಲಕ್ರ," ಎಂದರು ಕಾಕಾ ಬೆಂಚಿನ ಮೇಲಿಂದ. "ರಾಹು ಎರಡೂ ಕಡೆ ಒಬ್ನ ಅದಾನ."

ಅದನ್ನೂ ತೆಗೆದೆ. ಕಂಪ್ಯೂಟರು ಬರಿಮೈಯಲ್ಲಿ ಎದ್ದು ನಿಂತಿತು. ಅಷ್ಟು ಬೇಗ ಎದ್ದದ್ದನ್ನು ನಾನು ನೋಡಿರಲೇ ಇಲ್ಲ. ಆದರೆ ಅದರ ಮುಂದೆ ಕುಳಿತಾಗ ಒಂದು ತೊಡಕು ಕಂಡಿತು. ಕನ್ನಡವೇ ಇಲ್ಲ. ನಮ್ಮ ಯಂತ್ರ ನಿಲ್ಲುತ್ತಿದ್ದದ್ದು ಕನ್ನಡದಲ್ಲಿ ಟೈಪ್ ಮಾಡುವಾಗ. ಕನ್ನಡವಿಲ್ಲದೆ ಪರೀಕ್ಷೆ ಮಾಡುವುದು ಹೇಗೆ? ಹೆಚ್ಚು ಯೋಚಿಸದೆ ನನ್ನ ತಂತ್ರಾಂಶದ ಟಿಕ್ ಒಂದನ್ನು ವಾಪಸು ಹಾಕಿದೆ. ಪರೀಕ್ಷೆಗೆ ಒಂದು ಸಾಧನ ಬೇಕಲ್ಲ, ಅದು ನನ್ನ ಸಾಧನ. ಉಳಿದ ಹತ್ತು ಶಂಕಿತರು.

ಮೊದಲ ಐದನ್ನು ಹಾಕಿ ಮತ್ತೆ ಚಾಲೂ ಮಾಡಿದೆ. ಹಳೆಯ ಅರ್ಜಿಯೊಂದನ್ನು ನಾಲ್ಕು ಸಲ ಪೂರ್ತಿ ಟೈಪ್ ಮಾಡಿದೆ. ನಿಲ್ಲಲಿಲ್ಲ. ಅವನ್ನು ತೆಗೆದು ಇನ್ನುಳಿದ ಐದನ್ನು ಹಾಕಿದೆ. ಎರಡನೆಯ ಸಾಲಿನಲ್ಲೇ ನಿಂತಿತು. ಆ ಐದರಲ್ಲಿ ಎರಡು, ಮೂರು ಎಂದು ಒಡೆದೆ. ಪ್ರತಿ ಸಲವೂ ಯಂತ್ರ ಆರಿಸಿ ಹೊತ್ತಿಸಬೇಕು, ನಡುವೆ ಬಂದವರಿಗೆ ಝೆರಾಕ್ಸ್ ಮಾಡಿಕೊಡಬೇಕು. ಕಾಕಾ ಬೆಂಚಿನ ಮೇಲೆ ಕುಳಿತು ಇಡೀ ದಿನ ಕೈಬರಹದಲ್ಲೇ ಅರ್ಜಿ ಬರೆದುಕೊಡುತ್ತಿದ್ದರು. ನಡುನಡುವೆ ತಲೆ ಎತ್ತಿ ಪರದೆಯನ್ನು ನೋಡುತ್ತಿದ್ದರು, ಆಪರೇಷನ್ ಕೋಣೆಯ ಹೊರಗೆ ಕುಳಿತವರಂತೆ.

ಆಗ ಇನ್ನೊಂದು ಸಂಗತಿ ಹೊಳೆಯಿತು. ಯಂತ್ರ ನಿಲ್ಲುತ್ತಿದ್ದದ್ದು ಎಲ್ಲೆಂದರಲ್ಲಿ ಅಲ್ಲ. "ತಹಶೀಲ್ದಾರರು" ದಾಟುತ್ತಿತ್ತು, "ಮುಂಡರಗಿ" ದಾಟುತ್ತಿತ್ತು. "ಕರ್ನಾಟಕ" ಬಂದರೆ ನಿಲ್ಲುತ್ತಿತ್ತು. "ವರ್ಷ", "ಮಾರ್ಚ್", "ಅರ್ಜಿ". ಎಲ್ಲ ಕಡೆಯೂ ಅರ್ಕಾವತ್ತು. ಐವತ್ತಮೂರು ದಾಖಲೆಗಳಲ್ಲಿ ಗಡಿಯಾರವನ್ನೂ ಫ್ಯಾನನ್ನೂ ಬರೆದಿಟ್ಟಿದ್ದ ನಾನು ಅಕ್ಷರವನ್ನು ಬರೆದಿಟ್ಟಿರಲಿಲ್ಲ. ಅರ್ಜಿ ಬರೆಯುವ ಅಂಗಡಿಯಲ್ಲಿ ಅರ್ಜಿ ಎಂಬ ಶಬ್ದವೇ ಯಂತ್ರಕ್ಕೆ ಆಗುತ್ತಿರಲಿಲ್ಲ.

ಸಂಜೆ ನಾಲ್ಕರ ಹೊತ್ತಿಗೆ ಒಂದೇ ಹೆಸರು ಉಳಿಯಿತು. ಅದನ್ನು ಹಾಕಿದರೆ ನಿಲ್ಲುತ್ತದೆ, ತೆಗೆದರೆ ನಿಲ್ಲುವುದಿಲ್ಲ. ಮೂರು ಸಲ ಹಾಕಿ ತೆಗೆದು ನೋಡಿದೆ. ಖುಷಿಯಿಂದ ನನ್ನ ಧ್ವನಿ ಜೋರಾಯಿತು. "ಮಾಲಕ್ರ, ಸಿಕ್ತ ನೋಡ್ರಿ! ಕಾಕಾನ ಟೈಪ್‌ರೈಟರ್ ಸಾಫ್ಟವೇರಿನಾಗ ಐತಿ ದೋಷ."

ಬೆಂಚಿನ ಮೇಲೆ ಐದಾರು ಜನ ಇದ್ದರು. ಎಲ್ಲರೂ ಕಾಕಾನ ಕಡೆ ತಿರುಗಿದರು. ಹೇಳಿದ ಮೇಲೆ ನನಗೆ ಗೊತ್ತಾಯಿತು, ಈ ಮಾತನ್ನು ಮೊದಲು ಅವರಿಗೊಬ್ಬರಿಗೇ ಹೇಳಬೇಕಿತ್ತು.

"ನಾ ಅಂದಿದ್ದಿಲ್ಲೇನು?" ಎಂದರು ದೇವೇಂದ್ರಪ್ಪ. ಅವರಿಗೆ ಬೆರಳಿಗೂ ತಂತ್ರಾಂಶಕ್ಕೂ ವ್ಯತ್ಯಾಸವಿರಲಿಲ್ಲ.

ಕಾಕಾ ಪೆನ್ನಿಗೆ ಟೊಪ್ಪಿಗೆ ಹಾಕಿದರು. "ಖರೆ ಏನ ತಂಗಿ? ಪೂರಾ ನೋಡಿದಿ?"

"ನೋಡೀನ್ರಿ ಕಾಕಾ."

"ಆತು ಹಂಗಾರ." ಅವರು ಎದ್ದರು. ಚಾಳೀಸಿನ ಡಬ್ಬಿ, ಕಾರ್ಬನ್ ಹಾಳೆಯ ಕಟ್ಟು, ನೀರಿನ ಬಾಟಲಿ. ಇಪ್ಪತ್ತೆಂಟು ವರ್ಷದ ಸಾಮಾನು ಒಂದೇ ಕೈಚೀಲದಲ್ಲಿ ಹಿಡಿಸಿತು. ಶನಿವಾರದವರೆಗೆ ಅವಧಿ ಇದೆ ಎಂದು ಯಾರೂ ನೆನಪಿಸಲಿಲ್ಲ. ನಾನೂ ನೆನಪಿಸಲಿಲ್ಲ.

ಬುಧವಾರ ಯಂತ್ರ ಒಮ್ಮೆಯೂ ನಿಲ್ಲಲಿಲ್ಲ. ನಲವತ್ತೊಂದು ಅರ್ಜಿ ಟೈಪ್ ಮಾಡಿದೆ. ದೇವೇಂದ್ರಪ್ಪ ಬಂದವರಿಗೆಲ್ಲ ಹೇಳುತ್ತಿದ್ದರು, "ಸಾಬ್ರ ಮಷೀನ್ ಕೆಡಿಸಿದ್ರು. ಈ ಹುಡುಗಿನ ಹಿಡದ್ಲು." ನಾನು ಕೊಟ್ಟ ವಾಕ್ಯ ಅವರ ಬಾಯಲ್ಲಿ ಇಷ್ಟು ಬದಲಾಗಿತ್ತು. ತಿದ್ದಬೇಕೆಂದು ಪ್ರತಿ ಸಲವೂ ಅನ್ನಿಸುತ್ತಿತ್ತು, ಅಷ್ಟರಲ್ಲಿ ಮುಂದಿನವರು ಕಾಗದ ಚಾಚುತ್ತಿದ್ದರು. ಕೆಲಸ ಸರಾಗವಾಗಿತ್ತು, ನನಗೆ ಸಮಾಧಾನವಿರಲಿಲ್ಲ. ಎದ್ದು ನೀರು ಕುಡಿಯುತ್ತಿದ್ದೆ, ಕುಳಿತು ಮತ್ತೆ ಏಳುತ್ತಿದ್ದೆ. ಗೆದ್ದ ಲೆಕ್ಕದಲ್ಲಿ ಒಂದು ಹಂತ ಬಿಟ್ಟುಹೋಗಿದೆ ಎಂದು ಒಳಗೆ ಯಾರೋ ಚಿವುಟುತ್ತಿದ್ದರು. ಯಾವ ಹಂತ ಎಂದು ತಿಳಿಯುತ್ತಿರಲಿಲ್ಲ.

ಗುರುವಾರ ಕಾಲೇಜಿನ ಹುಡುಗಿಯೊಬ್ಬಳು ಭೌತಶಾಸ್ತ್ರದ ಪ್ರಯೋಗದ ಪುಸ್ತಕ ತಂದು ಝೆರಾಕ್ಸ್ ಕೇಳಿದಳು. ಗಾಜಿನ ಮೇಲೆ ಪುಟ ಮಗುಚುವಾಗ ತಂತಿಯ ದಪ್ಪ ಅಳೆಯುವ ಸ್ಕ್ರೂಗೇಜಿನ ಚಿತ್ರ ಕಂಡಿತು. ಅದರ ಕೆಳಗೆ ನಾವೂ ಆರು ಸೆಮಿಸ್ಟರ್ ಬರೆದ ಅದೇ ಸಾಲು: ಅಳೆಯುವ ಮುಂಚೆ ಉಪಕರಣದಲ್ಲೇ ಇರುವ ಶೂನ್ಯ ದೋಷವನ್ನು ಗುರುತಿಸಿಕೊಳ್ಳಬೇಕು.

ನಾನು ಮುಚ್ಚಳ ಹಾಕುವುದನ್ನು ಮರೆತೆ. ಬೆಳಕಿನ ಪಟ್ಟಿ ಕಣ್ಣಿಗೇ ಹೊಡೆದು ಹೋಯಿತು.

ಹತ್ತು ತಂತ್ರಾಂಶಗಳನ್ನು ನಾನು ಒಂದೊಂದಾಗಿ ಅನುಮಾನಿಸಿದ್ದೆ. ಹನ್ನೊಂದನೆಯದನ್ನು, ನನ್ನದನ್ನು, ಪರೀಕ್ಷೆಯಲ್ಲಿ ಒಮ್ಮೆಯೂ ತೆಗೆದು ನೋಡಿರಲಿಲ್ಲ. ಅದನ್ನು ಅಳತೆಗೋಲು ಎಂದುಕೊಂಡಿದ್ದೆ. ಗಂಜಿ ಎಂದು ನಾನು ಕರೆದದ್ದರಲ್ಲಿ ನನ್ನ ಪಲ್ಯ ಮೊದಲಿನಿಂದಲೂ ಇತ್ತು.

ಶುಕ್ರವಾರ ಎಂಟು ಗಂಟೆಗೇ ಹೋಗಿ ಅಂಗಡಿ ತೆರೆದೆ. ನನ್ನದರ ಟಿಕ್ ತೆಗೆದು ಕಾಕಾನದನ್ನು ಹಾಕಿದೆ. ಆ ಜೋಡಣೆ ನನಗೆ ಬಾರದು. ತಂತ್ರಾಂಶದಲ್ಲೇ ಇದ್ದ ಕೀಲಿಮಣೆಯ ಚಿತ್ರ ನೋಡಿಕೊಂಡು, ಒಂದೊಂದೇ ಅಕ್ಷರ ಹುಡುಕಿ, "ಅರ್ಜಿ" ಎಂದು ಬರೆದೆ. ನಿಲ್ಲಲಿಲ್ಲ. ಅರವತ್ತು ಸಲ ಬರೆದೆ. ಒಮ್ಮೆಯೂ ನಿಲ್ಲಲಿಲ್ಲ. ಆಮೇಲೆ ಎರಡನ್ನೂ ಹಾಕಿದೆ. ಮೂರನೆಯ "ಅರ್ಜಿ"ಗೆ ಯಂತ್ರ ಕಲ್ಲಾಯಿತು.

ಕಾರಣ ಈಗ ಕೈಗೆ ಸಿಗುವಷ್ಟು ಹತ್ತಿರವಿತ್ತು. ಅರ್ಕಾವತ್ತಿನ ರಕಾರವನ್ನು ನಾವು ಮುಂದಿನ ಅಕ್ಷರಕ್ಕಿಂತ ಮೊದಲು ಉಚ್ಚರಿಸುತ್ತೇವೆ, ಆದರೆ ಆ ಅಕ್ಷರದ ಆಮೇಲೆ ಬರೆಯುತ್ತೇವೆ. ನನ್ನ ತಂತ್ರಾಂಶ ಕಿವಿಯನ್ನು ನಂಬಿತ್ತು. ರಕಾರವನ್ನು ಮೊದಲು ತೆಗೆದುಕೊಂಡು, ಜಿ ಬಂದ ಮೇಲೆ ಅದನ್ನು ಅಳಿಸಿ, ಹಿಂದೆ ಕೊಂಡಿಯಾಗಿ ಕೂರಿಸುತ್ತಿತ್ತು. ಕಾಕಾನದು ಕಣ್ಣನ್ನು ನಂಬಿತ್ತು. ಜಿ ಮೊದಲು, ಕೊಂಡಿ ಆಮೇಲೆ, ಟೈಪ್‌ರೈಟರಿನಂತೆ. ಎರಡೂ ಎಚ್ಚರವಿದ್ದಾಗ ಒಂದು ಅಳಿಸಿದ್ದನ್ನು ಇನ್ನೊಂದು ಬರೆಯುತ್ತಿತ್ತು, ಬರೆದದ್ದನ್ನು ಮೊದಲನೆಯದು ಮತ್ತೆ ಅಳಿಸುತ್ತಿತ್ತು. ಕೊನೆಯಿಲ್ಲದ ಆ ಜಗಳದಲ್ಲಿ ಯಂತ್ರ ಬೇರೆ ಯಾರ ಮಾತನ್ನೂ ಕೇಳುತ್ತಿರಲಿಲ್ಲ. ಎರಡನ್ನೂ ಎಬ್ಬಿಸುವ ಕೀಲಿ ಒಂದೇ ಆಗಿತ್ತು, ಸ್ಕ್ರಾಲ್ ಲಾಕ್. ಒಮ್ಮೊಮ್ಮೆ ಎರಡೂ ಏಳುತ್ತಿದ್ದವು, ಒಮ್ಮೊಮ್ಮೆ ಒಂದು ಎದ್ದರೆ ಇನ್ನೊಂದು ಮಲಗುತ್ತಿತ್ತು. ಅದಕ್ಕೇ ಕೆಲವು ಮುಂಜಾನೆಗಳು ಸುಮ್ಮನೆ ನಡೆಯುತ್ತಿದ್ದವು.

ಒಂದೊಂದಾಗಿ ನೋಡಿದರೆ ಎರಡೂ ನಿರ್ದೋಷಿ.

ದೇವೇಂದ್ರಪ್ಪ ಬಂದ ಮೇಲೆ ಹೇಳಿದೆ. ಅವರು ಊದಿನಕಡ್ಡಿ ಹಚ್ಚುತ್ತ ಪೂರ್ತಿ ಕೇಳಿದರು.

"ಅಂದ್ರ ಎರಡರಾಗ ಒಂದ ಹೋದ್ರ ಸಾಕು?"

"ಹೌದ್ರಿ, ಆದ್ರ..."

"ಒಂದ ಹೋಗೇತಿ. ಮುಗೀತಲ್ಲ. ಮತ್ಯಾಕ ಕೆದರತಿ?"

"ಕಾಕಾನ ತಪ್ಪ ಅಂತ ನಾ ಹೇಳಿದ್ದ ಸುಳ್ಳಾತಲ್ರಿ."

"ನಿಂದರ ತಪ್ಪ ಏನ?"

"ಅಲ್ಲರಿ. ಯಾರ್ದೂ ಅಲ್ಲ."

"ಯಾರ್ದೂ ಅಲ್ಲಂದ್ರ ಕುಂತ ದಗದಾ ಮಾಡು," ಎಂದು ಅವರು ದೇವರ ಪಟದ ಮುಂದೆ ಗಂಟೆ ಬಾರಿಸಿದರು.

ಕುಳಿತು ಕೆಲಸ ಮಾಡಿದೆ. ಅವರ ಮಾತಿನಲ್ಲಿ ನನಗೆ ಅನುಕೂಲವಿತ್ತು, ಅದನ್ನು ಮುಚ್ಚಿಡುವುದಿಲ್ಲ. ಖುರ್ಚಿ ಇಡೀ ದಿನ ನನ್ನದೇ ಆಗಿತ್ತು. ಯಾರೂ ನನ್ನನ್ನು ಏನೂ ಕೇಳುತ್ತಿರಲಿಲ್ಲ. ಆದರೂ ಪ್ರತಿ ಅರ್ಕಾವತ್ತಿಗೂ ಬೆರಳು ಒಂದು ಕ್ಷಣ ತಡೆಯುತ್ತಿತ್ತು, ಯಂತ್ರ ನಿಂತರೆ ಚೆನ್ನಾಗಿತ್ತು ಎಂಬಂತೆ.

ಶನಿವಾರ ನನ್ನ ತಂತ್ರಾಂಶದ ಒಂದೊಂದು ಕಿಟಕಿಯನ್ನೂ ತೆರೆದು ನೋಡಿದೆ. ಮೂರನೆಯದರ ಮೂಲೆಯಲ್ಲಿ ಸಿಕ್ಕಿತು: ಎಬ್ಬಿಸುವ ಕೀಲಿಯನ್ನು ಬದಲಾಯಿಸಬಹುದು. ಕಾಕಾನದರಲ್ಲಿ ಆ ಸೌಲಭ್ಯವಿರಲಿಲ್ಲ. ನನ್ನದಕ್ಕೆ ಎಫ್ ಹನ್ನೆರಡು ಎಂಬ ಕೀಲಿ ಕೊಟ್ಟೆ. ಈಗ ಎರಡೂ ಒಂದೇ ಯಂತ್ರದಲ್ಲಿ ಇರಬಹುದು, ಒಟ್ಟಿಗೆ ಏಳಬಾರದು ಅಷ್ಟೆ. ಖುರ್ಚಿ ಬಿಟ್ಟು ಏಳುವವರು ತಮ್ಮದನ್ನು ಮಲಗಿಸಿ ಏಳಬೇಕು. ಎರಡರಲ್ಲೂ ಐವತ್ತು ಐವತ್ತು ಸಲ ಬರೆದು ನೋಡಿ, ಮತ್ತೆ ದೇವೇಂದ್ರಪ್ಪನವರ ಮುಂದೆ ನಿಂತೆ.

"ಬರ್ಲಿ ಬಿಡು," ಎಂದರು ಅವರು, ನನ್ನ ಮುಖ ನೋಡದೆ. "ಬ್ಯಾಡ ಅಂದೀನೇನು? ಆದ್ರ ಕರಿಯಾಕ ನಾ ಹೋಗಂಗಿಲ್ಲ. ಊರ ಮಂದಿಗೆಲ್ಲಾ ಹೇಳೀನಿ."

ಭಾನುವಾರ ಕಾಕಾನ ಊರು ಹಿರೇವಡ್ಡಟ್ಟಿಯ ಬಸ್ಸು ಹತ್ತಿದೆ. ಗುಡ್ಡದ ಮೇಲೆ ಗಾಳಿಯಂತ್ರಗಳು ತಿರುಗುತ್ತಿದ್ದವು. ಹೇಳಬೇಕಾದ್ದನ್ನು ದಾರಿಯುದ್ದಕ್ಕೂ ಮನಸ್ಸಿನಲ್ಲೇ ಟೈಪ್ ಮಾಡಿ ಅಳಿಸುತ್ತಿದ್ದೆ.

ಮನೆಯ ಬಾಗಿಲಲ್ಲಿ ಕಾಕಾನ ಹೆಂಡತಿ ಅಮೀನಬಿ ಶೇಂಗಾ ಒಡೆಯುತ್ತ ಕುಳಿತಿದ್ದರು. ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದರು. "ಏನ್ರೀ, ಹೊರಗ ಬರ್ರಿ. ನಿಮ್ಮ ಮಷೀನ್ ಡಾಕ್ಟರ್ ಬಂದಾಳ. ನಿಮ್ಮನ್ನೂ ಬಿಚ್ಚಿ ನೋಡ್ತಾಳೇನೋ."

"ಸುಮ್ನಿರ. ಚಾ ಇಡು," ಎಂದು ಕಾಕಾ ಹೊರಗೆ ಬಂದರು. ಗಡ್ಡ ಬೆಳೆದಿತ್ತು. "ಬಾ ತಂಗಿ, ಕುಂಡ್ರು."

ನಾನು ಕೂರಲಿಲ್ಲ. ನಿಂತೇ ಎಲ್ಲ ಹೇಳಿದೆ. ಅಳತೆಗೋಲು, ಎರಡು ತಂತ್ರಾಂಶ, ಅಳಿಸುವುದು ಬರೆಯುವುದು, ಎಫ್ ಹನ್ನೆರಡು. ಅವರು ಅಡ್ಡ ಮಾತಾಡದೆ ಕೇಳಿದರು. ಅರ್ಕಾವತ್ತಿನ ವಿಷಯ ಬಂದಾಗ ಮಾತ್ರ ಹುಬ್ಬು ಏರಿತು.

"ಅಂದ್ರ ನೀ ಅಂದಂಗ ಬರೀತಿ, ನಾ ಕಂಡಂಗ ಬರೀತೀನಿ."

"ಹೌದ್ರಿ."

"ಎರಡೂ ಕನ್ನಡನ."

"ಹೌದ್ರಿ ಕಾಕಾ. ತಪ್ಪಾತ್ರಿ. ನಾಳಿ ಬರ್ರಿ."

ಅವರು ತಲೆ ಅಲ್ಲಾಡಿಸಿದರು. "ಬರೂದಿಲ್ಲ."

ಅಮೀನಬಿಯ ಕೈ ಶೇಂಗಾದ ಮೇಲೆ ನಿಂತಿತು.

"ನೀ ಐದ ಮಂದಿ ಮುಂದ ಹೇಳಿದಿ," ಎಂದರು ಕಾಕಾ. "ನಾ ಬಸ್ ಇಳಿಯೂದರೊಳಗ ಈ ಊರಿಗೆ ಖಬರ ಬಂದಿತ್ತು, ಜಹಾಂಗೀರ ಮಷೀನ್ ಕೆಡಿಸ್ಯಾನಂತ. ಈಗ ಇಲ್ಲೆ ನನ್ನ ಅಂಗಳದಾಗ ಬಂದು ಸಣ್ಣ ದನಿಲೆ ತಪ್ಪಾತು ಅಂದ್ರ? ಆ ಮಾತ ದೊಡ್ಡ ದನಿಲೆ ಹೋಗೈತಿ. ವಾಪಸ್ ತರೂದೂ ಹಂಗ ತರಬೇಕು."

"ಏನ್ ಮಾಡ್ಲಿ ಹೇಳ್ರಿ."

"ನಾವ್ ಏನ್ ಮಾಡೂ ಮಂದಿ? ಅರ್ಜಿ ಬರಿ."

ತಮಾಷೆ ಎಂದುಕೊಂಡೆ. ಅವರು ಒಳಗೆ ಹೋಗಿ ಬಿಳಿ ಹಾಳೆಯನ್ನೂ ಪೆನ್ನನ್ನೂ ತಂದು ನನ್ನ ಮುಂದೆ ಇಟ್ಟರು. ಅಲ್ಲೇ ಕಟ್ಟೆಯ ಮೇಲೆ ಕುಳಿತು ಬರೆದೆ. ಬರೆದು ಕೊಟ್ಟೆ. ಅವರು ಮೂಗಿನ ಮೇಲೆ ಚಾಳೀಸು ಏರಿಸಿ, ನನ್ನ ಕೈಯಿಂದ ಪೆನ್ನನ್ನೂ ಇಸಿದುಕೊಂಡರು.

"'ನನ್ನಿಂದ ಘೋರ ಅಪರಾಧವಾಗಿದ್ದು, ದಯಮಾಡಿ ಕ್ಷಮಿಸಬೇಕು'. ಇದೇನು? ಅರ್ಜಿಯೋ ಭಜನಿಯೋ?" ಆ ಸಾಲಿನ ಮೇಲೆ ಗೆರೆ ಎಳೆದರು. "ಅರ್ಜಿಯಾಗ ಅಳಬಾರ್ದು. ಅತ್ತರ ಸಾಹೇಬ ಮುಂದ ಓದೂದಿಲ್ಲ. ಏನಾತು, ಯಾವಾಗಾತು, ಏನ್ ಬೇಕು. ಮೂರ ಮಾತು."

"ಹೂಂ ರಿ."

"'ತಪ್ಪು ತಿಳುವಳಿಕೆಯಿಂದ'. ನಿನ್ನ ತಿಳುವಳಿಕಿ ನೆಟ್ಟಗೈತಿ. ನೀ ಪರೀಕ್ಷಾ ಅರ್ಧಕ್ಕ ಬಿಟ್ಟಿ. 'ಪೂರ್ಣ ಪರೀಕ್ಷೆ ಮಾಡದೆ' ಅಂತ ಬರಿ." ಪೆನ್ನು ಕೆಳಗಿನ ಸಾಲಿಗೆ ಇಳಿಯಿತು. "'ಶ್ರೀ ಜಹಾಂಗೀರ ಇವರನ್ನು ಮರಳಿ ಕೆಲಸಕ್ಕೆ ಕರೆಯಬೇಕೆಂದು ಪ್ರಾರ್ಥನೆ'." ಅದನ್ನೂ ಹೊಡೆದುಹಾಕಿದರು. "ನನ್ನ ಸಲುವಾಗಿ ನೀ ಬೇಡಬ್ಯಾಡ. ನಿನ್ನ ಮಾತ ನೀ ತಿರುಗಿ ತಗೋ. 'ಸದರಿ ಅರ್ಜಿಯನ್ನು ಅಂಗಡಿಯಲ್ಲಿ ಹಾಜರಿದ್ದವರ ಸಮಕ್ಷಮ ಓದಿ ಹೇಳಬೇಕು'. ಇಷ್ಟ ಪ್ರಾರ್ಥನಾ."

"ಮಾಲಕ್ರು ಓದಲಿಲ್ಲಂದ್ರ?"

"ಓದಲಿಲ್ಲಂದ್ರ ನನಗ ತಿಳೀತೈತಿ."

ಅಮೀನಬಿ ಚಹಾ ತಂದಿಟ್ಟರು. "ಮಗಳ ವಯಸ್ಸಿನಾಕಿ ಕಡಿಂದ ಕಾಗದಾ ಬರಸ್ಕೋತಾರ, ನೋಡು," ಎಂದರು ನನಗೆ, ಆದರೆ ನನ್ನ ಕಪ್ಪಿನ ಬಸಿಯಲ್ಲಿ ಎರಡು ಬಿಸ್ಕೀಟು ಹೆಚ್ಚು ಇಟ್ಟರು.

ಸೋಮವಾರ ಹನ್ನೆರಡೂವರೆಗೆ ಬೆಂಚು ತುಂಬಿತ್ತು. ಮಂಜವ್ವ ಗಂಡನ ಮರಣ ಪತ್ರದ ಝೆರಾಕ್ಸಿಗೆ ಬಂದಿದ್ದಳು. ಕಾಕಾ ಬಂದು ಅವಳ ಪಕ್ಕದಲ್ಲಿ, ಅರ್ಜಿ ಕೊಡಲು ಬಂದವರಂತೆ, ಕೈಚೀಲವನ್ನು ಮಡಿಲಲ್ಲಿಟ್ಟು ಕುಳಿತರು. ದೇವೇಂದ್ರಪ್ಪ ಅವರನ್ನು ನೋಡಿಯೂ ನೋಡದಂತೆ 'ಬರ್ರಿ' ಎಂದರು.

ನಾನು ಕಾಗದವನ್ನು ಟೈಪ್ ಮಾಡಿದೆ. ಅದರಲ್ಲಿ ಆರು ಅರ್ಕಾವತ್ತುಗಳಿದ್ದವು. ಪ್ರಿಂಟ್ ತೆಗೆದು, ಸಹಿ ಮಾಡಿ, ಎದ್ದು ಹೋಗಿ ದೇವೇಂದ್ರಪ್ಪನವರ ಕೈಗೆ ಕೊಟ್ಟೆ.

"ಏನಿದು?"

"ಅರ್ಜಿ ರಿ."

"ಯಾರ್ದು?"

"ನಂದ."

"ನಿಂದ? ಯಾರಿಗೆ?" ಮೇಲಿನ ಸಾಲಿನಲ್ಲಿ ತಮ್ಮ ಹೆಸರನ್ನು ನೋಡಿದರು. ಇಷ್ಟು ವರ್ಷ ಅವರ ಅಂಗಡಿಯಿಂದ ಸಾವಿರಾರು ಅರ್ಜಿಗಳು ಹೋಗಿದ್ದವು. ಅವರಿಗೆ ಬಂದದ್ದು ಇದೇ ಮೊದಲು. ಬನಿಯನ್ನಿನ ಮೇಲೆ ಹಾಕಿದ್ದ ಅಂಗಿಯ ಗುಂಡಿ ಹಾಕಿಕೊಂಡರು. ಮನಸ್ಸಿನಲ್ಲೇ ಓದುತ್ತ ಕೊನೆಯ ಸಾಲಿಗೆ ಬಂದು ನಿಂತರು.

"ಜೋರಾಗಿ ಓದ್ರಿ," ಎಂದಳು ಮಂಜವ್ವ. "ಹಾಜರಿದ್ದವರು ನಾವ ಅಲ್ಲೇನು?" ಅವಳಿಗೆ ಓದಲು ಬರುತ್ತಿರಲಿಲ್ಲ. ಕಾಕಾ ಅವಳಿಗೆ ಮೊದಲೇ ಹೇಳಿರಬೇಕು.

ದೇವೇಂದ್ರಪ್ಪ ಓದಿದರು. ಮೊದಲು ಗಂಟಲಲ್ಲಿ, ಆಮೇಲೆ ಸ್ವಲ್ಪ ಮೇಲಕ್ಕೆ. "...ಪೂರ್ಣ ಪರೀಕ್ಷೆ ಮಾಡದೆ, ದೋಷವು ಶ್ರೀ ಜಹಾಂಗೀರ ಇವರ ತಂತ್ರಾಂಶದಲ್ಲಿದೆ ಎಂದು ನಾನು ಹೇಳಿದ್ದು ಸತ್ಯಕ್ಕೆ ದೂರವಾಗಿರುತ್ತದೆ. ಸದರಿ ದೋಷಕ್ಕೂ ಅವರ ಕೈಗಳಿಗೂ ಯಾವ ಸಂಬಂಧವೂ ಇರುವುದಿಲ್ಲ..." ರಸ್ತೆಯಲ್ಲಿ ಹೋಗುತ್ತಿದ್ದ ಇಬ್ಬರು ಬಾಗಿಲಲ್ಲಿ ನಿಂತು ಕೇಳಿದರು.

ಓದಿ ಮುಗಿದ ಮೇಲೆ ದೇವೇಂದ್ರಪ್ಪನವರಿಗೆ ಆ ಹಾಳೆಯನ್ನು ಏನು ಮಾಡಬೇಕೆಂದು ತಿಳಿಯಲಿಲ್ಲ. ಅತ್ತ ಇತ್ತ ನೋಡಿ ಕಾಕಾನನ್ನೇ ಕೇಳಿದರು. "ಇದರ ಮ್ಯಾಲ ಏನರ ಬರೀಬೇಕಲ್ರಿ ಸಾಬ್ರ?"

"'ಓದಿ ಹೇಳಲಾಯಿತು' ಅಂತ ಬರದ ಸಹಿ ಮಾಡ್ರಿ. ತಾರೀಖ ಹಾಕ್ರಿ."

ಬರೆದರು, ಸಹಿ ಮಾಡಿದರು, ತಾರೀಖು ಹಾಕಿದರು. ಪೆನ್ನು ಮುಚ್ಚಿ, ಹೊರಗಿನ ರಸ್ತೆಯನ್ನು ನೋಡುತ್ತ ಹೇಳಿದರು, "ಕುಂಡ್ರಿ ಮತ್ತ. ಮಂದಿ ಕಾಯಾಕತ್ತೈತಿ."

ಕಾಕಾ ಎದ್ದು ಬಂದು ಖುರ್ಚಿಯಲ್ಲಿ ಕುಳಿತರು. ಬೆಂಚಿನ ತುದಿಯಲ್ಲಿದ್ದ ಅಂತೂರ ಬೆಂತೂರ ಎಂಬ ಊರಿನ ಮನುಷ್ಯನೊಬ್ಬ ಮುಂಡರಗಿಯಲ್ಲಿ ತಾನು ಕೊಂಡ ಹೊಲದ ಪಹಣಿ ತಿದ್ದುಪಡಿಯ ಕಾಗದ ಕೊಟ್ಟ. ಗುಂಡುಸೂಜಿಯ ಡಬ್ಬಿ ನಡುಗತೊಡಗಿತು. ನಾನು ಝೆರಾಕ್ಸ್ ಯಂತ್ರದ ಹತ್ತಿರ ಹೋಗಿ ಮಂಜವ್ವನ ಕಾಗದವನ್ನು ಗಾಜಿನ ಮೇಲಿಟ್ಟೆ. ಮುಚ್ಚಳದ ಮೇಲೆ ಕೈ ಇಟ್ಟವಳು ಅದನ್ನು ಮುಚ್ಚದೆ ಕಂಪ್ಯೂಟರಿನ ಕಡೆ ತಿರುಗಿದೆ. ಪ್ರಿಂಟ್ ತೆಗೆದು ಎದ್ದು ಬಂದಿದ್ದೆ. ಏಳುವಾಗ ನನ್ನದನ್ನು ಮಲಗಿಸಿದ್ದೆನೋ? ಎಫ್ ಹನ್ನೆರಡು ಒತ್ತಿದ ನೆನಪೇ ಬರಲಿಲ್ಲ. ಕಾಗದ ಹಿಡಿದು ನಿಂತದ್ದು ನೆನಪಿತ್ತು, ಅದಕ್ಕೆ ಮುಂಚಿನದು ಖಾಲಿ.

ಕಾಕಾನ ಕೈಗಳು "ತಹಶೀಲ್ದಾರರು" ದಾಟಿದವು. "ಮುಂಡರಗಿ" ದಾಟಿದವು. ಬೆಂಚಿನ ಮೇಲಿನ ಎಲ್ಲ ಕಣ್ಣುಗಳೂ ಅವರ ಬೆರಳ ಮೇಲಿದ್ದವು. ಈಗ ನಿಂತರೆ ನನ್ನ ಕಾಗದಕ್ಕೆ, ಅದರ ಮೇಲಿನ ಸಹಿಗೆ, ಮೂರು ಮಾತಿಗೂ ಅರ್ಥವಿರುವುದಿಲ್ಲ. ಕೂಗಬೇಕೆಂದರೆ ಇನ್ನೊಮ್ಮೆ ಎಲ್ಲರ ಮುಂದೆ ಕೂಗಬೇಕು. ನಾನು ಎರಡು ಹೆಜ್ಜೆಯಲ್ಲಿ ಅವರ ಬೆನ್ನ ಹಿಂದೆ ಬಂದು ಬಗ್ಗಿದೆ. "ಕಾಕಾ, ಒಂದ ನಿಮಿಷ..."

"ಮಲಗಿಸೀನಿ," ಎಂದರು ಅವರು ತಿರುಗದೆ, ನನಗಷ್ಟೇ ಕೇಳುವಂತೆ. "ನೀ ಮರತ ಎದ್ದಿದ್ದಿ." ಬೆರಳು ನಿಲ್ಲಲಿಲ್ಲ. ಜಿ ಬಿತ್ತು, ಅದರ ಹಿಂದೆಯೇ ಕೊಂಡಿ ಬಿತ್ತು, ಸಾಲು ಮುಂದೆ ಹೋಯಿತು. "ಹೋಗು, ಮಂಜವ್ವಗ ಜಲ್ದಿ ಕಾಗದಾ ಕೊಡು. ಒಂದೂವರಿ ಆತಂದ್ರ ಕ್ಲಾರ್ಕ್ ಊಟಕ್ಕ ಏಳತಾನ."